ಸುವಾಸನೆಯ ಡಬ್ಬಿಯವರಿಗೆ, ಕಾಫಿ ಚರಟದ ಪರವಾಗಿ

ಅರಸೀಕೆರೆ
12 ಜನವರಿ 2003

ನಮ್ಮ ನಡುಮನೆಯಲ್ಲಿ ಟಿ.ವಿ. ಪಕ್ಕ ಪಟ್ಟಕ್ಕೇರಿ ಕುಳಿತಿರುವ ಸುವಾಸನೆಯ ಡಬ್ಬಿ ಮಹಾಶಯರಾದ ಮಾನ್ಯರೇ,

ಈ ಮನೆಯ ಹಿರಿಯಳಾದ ಶಾಂತಾದೇವಿಯ ನಮಸ್ಕಾರಗಳು. ಉಸಿರೊಂದನ್ನು ಬಿಟ್ಟು ನಾವೆಲ್ಲ ಇಲ್ಲಿ ಕ್ಷೇಮ. ತಲೆ ಒತ್ತಿದೊಡನೆ ಬುಸುಗುಟ್ಟುವಷ್ಟು ತಾವು ಗಟ್ಟಿಮುಟ್ಟಾಗಿರುವುದನ್ನು ದಿನವೂ ಕಂಡು ಧನ್ಯಳಾಗಿದ್ದೇನೆ.

ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಅಟ್ಟದ ತುಂಬ ಕಾಯಿ ಒಣಗುವುದರಿಂದ ಒಂದಿಷ್ಟು ಕಮಟು ವಾಸನೆ ಇರುವುದು ನಿಜ. ಅದಕ್ಕೆ ನಲವತ್ತು ವರ್ಷದಿಂದ ನಾನು ಮಾಡಿಕೊಂಡು ಬಂದದ್ದನ್ನು ತಮ್ಮಂಥ ದೊಡ್ಡವರ ಮುಂದೆ ಹೇಳಲು ಸಂಕೋಚ. ಕಾಫಿ ಸೋಸಿ ಉಳಿದ ಚರಟವನ್ನು ಬಿಸಿಲಿಗೆ ಒಣಗಿಸಿ, ತೆಂಗಿನ ಕರಟದಲ್ಲಿ ತುಂಬಿ ಮೂಲೆಮೂಲೆಗೆ ಇಡುತ್ತಿದ್ದೆ. ಹಿಂಡಿದ ನಿಂಬೆಹೋಳಿಗೆ ಉಪ್ಪು ತುಂಬಿ ಬಚ್ಚಲಿಗೆ. ಕಿತ್ತಳೆ ಸಿಪ್ಪೆಯನ್ನು ಎರಡು ಲವಂಗದ ಜೊತೆ ಕುದಿಸಿ, ಪಾತ್ರೆಯನ್ನು ಮುಚ್ಚದೆ ನಡುಮನೆಗೆ. ಇವಕ್ಕೆ ತಮ್ಮಂತೆ ಮೈಮೇಲೆ ನೇರಳೆ ಹೂವಿನ ಚಿತ್ರವಿಲ್ಲವಲ್ಲ, ಮರ್ಯಾದೆ ಎಲ್ಲಿಂದ ಬರಬೇಕು?

ನನ್ನ ತಂಗಿ ಲಲಿತಮ್ಮ ಉಬ್ಬಸದವಳು. ಪ್ರತಿ ಸಂಕ್ರಾಂತಿಗೆ ವಾರ ಮುಂಚೆ ಹಗರೆಯಿಂದ ಬಂದು, ಎಳ್ಳುಬೆಲ್ಲಕ್ಕೆ ನನ್ನೆದುರು ಕೂತು ಕೊಬ್ಬರಿ ಹೆಚ್ಚುತ್ತಾಳೆ. ಈ ಸಲ ಅವಳು ಹೊಸ್ತಿಲು ದಾಟಿದ ಕೂಡಲೇ ಸೊಸೆ ಪುಷ್ಪಲತಾ ಗೌರವಕ್ಕೆಂದು ತಮ್ಮನ್ನು ಎರಡು ಸಲ ಒತ್ತಿದಳು. ಲಲಿತ ಕೆಮ್ಮಿದಳು. "ಎಲ್ಲಾ ನಿಮ್ಮ ಸಿಪ್ಪೆ ಚರಟದ ಕಾಟ ಕಣತ್ತೆ" ಎಂದು ಸೊಸೆ ನನ್ನ ಕರಟಗಳನ್ನೆಲ್ಲ ತಿಪ್ಪೆಗೆ ಸುರಿದು, ಅವುಗಳ ಮೈಲಿಗೆ ಕಳೆಯಲು ತಮ್ಮನ್ನು ಇನ್ನೂ ನಾಲ್ಕು ಸಲ ಒತ್ತಿದಳು. ಕೆಮ್ಮು ಉಬ್ಬಸವಾಯಿತು. ಮಗ ಕುಮಾರಸ್ವಾಮಿ ಗಾಬರಿಯಿಂದ ಓಡಿ ಬಂದವನು, ಚಿಕ್ಕಮ್ಮನಿಗೆ ಒಳ್ಳೆಯ ಗಾಳಿ ಸಿಗಲೆಂದು ಅವಳ ಹಾಸಿಗೆಯ ಸುತ್ತ ತಮ್ಮನ್ನು ಪ್ರದಕ್ಷಿಣೆ ಹಾಕಿಸಿದ. ಮೂರನೆಯ ದಿನ ಲಲಿತ ಚೀಲ ಎತ್ತಿಕೊಂಡಳು. "ಹಬ್ಬ ಮಾಡಕ್ಕೆ ಬಂದೆ ಕಣಕ್ಕಾ, ಉಸಿರು ಬಿಡಕ್ಕಲ್ಲ. ಬತ್ತೀನಿ" ಎಂದವಳು ತಿರುಗಿಯೂ ನೋಡದೆ ಬಸ್ಸು ಹತ್ತಿದಳು.

ಮದುವೆ, ಆಸ್ತಿ, ಎರಡು ಮನೆಯ ನಾದಿನಿಯರು ಸೇರಿಯೂ ಮಾಡಲಾಗದ್ದನ್ನು, ನಮ್ಮಿಬ್ಬರನ್ನು ಅಗಲಿಸುವುದನ್ನು, ಮೂರೇ ದಿನದಲ್ಲಿ ಸಾಧಿಸಿದ ತಮ್ಮ ಸಾಮರ್ಥ್ಯಕ್ಕೆ ತಲೆಬಾಗುತ್ತೇನೆ. ಅವಳ ಜಾಗದಲ್ಲಿ ತಾವೇ ಇರುವುದರಿಂದ ನಾಡಿದ್ದು ಹಬ್ಬದೊಳಗೆ ಒಂದು ಸೇರು ಕೊಬ್ಬರಿಯನ್ನು ಅವಳಷ್ಟೇ ಸಣ್ಣಗೆ ಹೆಚ್ಚಿಕೊಡಬೇಕು. ಹೆಚ್ಚುತ್ತಾ ನಮ್ಮ ಅವ್ವನ ಸುದ್ದಿ ತೆಗೆದು ನನ್ನನ್ನು ನಗಿಸಿ, ಆಮೇಲೆ ಅಳಿಸಬೇಕು. ಇದು ಕಷ್ಟವಾದರೆ ಹಗರೆಯ ಬಸ್ಸಿನಲ್ಲಿ, ನಮ್ಮಂತೆ ನಿಂತುಕೊಂಡೇ ಹೋಗಿ, ಅವಳ ಕೈಹಿಡಿದು ಕರೆತರಬೇಕು. ಕೈಯಿಲ್ಲ ಎಂಬ ನೆಪ ಹೇಳಬೇಡಿ. ಮೂಗಿಲ್ಲದೆಯೇ ಸುವಾಸನೆಯ ಯಜಮಾನಿಕೆ ನಡೆಸುತ್ತಿದ್ದೀರಲ್ಲ.

ಉಸಿರಿರುವ ತನಕ,
ತಮ್ಮ ವಿಶ್ವಾಸಿ
ಶಾಂತಾದೇವಿ

ಮರೆತ ಮಾತು: ತಮ್ಮ ಬೆನ್ನ ಮೇಲಿನ ಇರುವೆಯಂಥ ಅಕ್ಷರಗಳನ್ನು ಮೊಮ್ಮಗಳ ಕೈಲಿ ಎಲ್ಲರಿಗೂ ಕೇಳುವಂತೆ ಓದಿಸಿದೆ. ಕಿಟಕಿ ತೆರೆದಿಟ್ಟು ಬಳಸಬೇಕಂತೆ, ಉಬ್ಬಸದವರ ಹತ್ತಿರ ಬಳಸಬಾರದಂತೆ. ಪುಷ್ಪಲತಾ ಎದ್ದು ಕಿಟಕಿಗಳನ್ನು ತೆರೆದು, ತಾನೇ ಹಗರೆಗೆ ಫೋನ್ ಮಾಡಿ, "ತಪ್ಪಾಯ್ತು ಚಿಕ್ಕತ್ತೆ, ನಾಳೆನೇ ಬಂದ್ಬಿಡಿ" ಎಂದಳು. ಲಲಿತ ಬರುತ್ತಾಳೆ. ಆಗ ತಾವು ದಯವಿಟ್ಟು ಬುಸ್ಸೆನ್ನಬೇಡಿ. ತಮ್ಮ ಬಗ್ಗೆ ಅವಳು ಹೇಳುವುದು ಬಹಳ ಇದೆ, ಅದಕ್ಕೆ ಉಸಿರು ಬೇಕು.