ಕಂಠೆಪ್ಪನ ಮನೆಗೆ ಕರೆಂಟ್ ಬಂದದ್ದು

ಫ್ಲ್ಯಾಟ್ ನೋಡಲು ಹೋದ ದಿನ ಕಂಠೆಪ್ಪ ಒಂದೇ ಒಂದು ಸ್ವಿಚ್ಚನ್ನೂ ಒತ್ತಿ ನೋಡಿರಲಿಲ್ಲ. ಹತ್ತೊಂಬತ್ತು ವರ್ಷದಿಂದ ಗೋವಾದ ಮಡಗಾಂವದಲ್ಲಿ ಟೈಲ್ಸ್ ಕೂಡಿಸುವವನು ಅವನು. ಮೊಣಕಾಲೂರಿ, ನೆಲದ ಒಂದೊಂದೇ ಟೈಲ್ಸನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದ್ದ. ಒಂದೂ ಪೊಳ್ಳು ಸದ್ದು ಕೊಡಲಿಲ್ಲ. "ಮನಿ ಗಟ್ಟಿ ಐತಿ" ಎಂದು ಕರಾರಿಗೆ ಸಹಿ ಹಾಕಿದ್ದ.

ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಗೆಳೆಯ ಕಾಸೀಮಸಾಬನ ಟೆಂಪೋದಿಂದ ಗಂಟುಮೂಟೆ ಇಳಿಸಿ, ಎರಡನೇ ಮಹಡಿಗೆ ಹೊತ್ತು ತಂದು, ಮೊದಲ ಸ್ವಿಚ್ ಒತ್ತಿದ. ದೀಪ ಹತ್ತಲಿಲ್ಲ. ಹಾರ್ಮೋನಿಯಂ ಕಲಿಯುವವನ ಹಾಗೆ ಒಂಬತ್ತೂ ಸ್ವಿಚ್ ಒತ್ತಿದ. ಫ್ಯಾನ್ ಅಲುಗಲಿಲ್ಲ.

ಸಂಜೆ ಐದಕ್ಕೆ ಹೆಂಡತಿ ಸುಂದರವ್ವ ಆಸ್ಪತ್ರೆಯಿಂದ ಬರುವವಳಿದ್ದಳು. ಅಲ್ಲಿಯವರೆಗೆ ಇದ್ದ ಮೋತಿ ಡೊಂಗರದ ಖೋಲಿಯಲ್ಲಿ ಕಟ್ಟಿಗೆ ಒಲೆ ಊದಿ ಊದಿ ಅವಳ ಎದೆ ಕೆಟ್ಟಿತ್ತು. ಡಾಕ್ಟರು ಹೇಳಿದ್ದು ಎರಡೇ ಮಾತು. ಇನ್ನು ಹೊಗೆ ಸೋಕಬಾರದು. ದಿನಕ್ಕೆ ಮೂರು ಸಲ ಕರೆಂಟಿನ ಯಂತ್ರದಿಂದ ಔಷಧದ ಹಬೆ ಕೊಡಬೇಕು. ಆ ಎರಡಕ್ಕೆಂದೇ ಅವನು ಫಾತೊರ್ಡಾದ ಈ ಫ್ಲ್ಯಾಟ್ ಹಿಡಿದದ್ದು.

ಕೆಳಗಿನ ಮನೆಯ ಜಯಶ್ರೀ ಮೆಟ್ಟಿಲ ಮೇಲೇ ವರದಿ ಒಪ್ಪಿಸಿದಳು. "ಮಾಲಕರು ಲಂಡನ್‌ಗೆ ಹೋಗಿ ಮೂರು ವರ್ಷ ಆತ್ರಿ ಅಣ್ಣಾರ. ಕರೆಂಟ್ ತಗಸೇ ಹೋಗ್ಯಾರ. ಇಡೀ ಬಿಲ್ಡಿಂಗಿಗೆ ಗೊತ್ತೈತಿ."

"ನನಗ ಯಾರೂ ಹೇಳಲಿಲ್ಲಲ್ಲ ತಂಗಿ."

"ನೀವು ಟೈಲ್ಸ್ ಬಡಿಯೂದು ಕೇಳಿಸ್ತಿತ್ತು. ಕೆಲಸದಾಗ ಅದಾರ, ಯಾಕ ತೊಂದ್ರಿ ಕೊಡಬೇಕು ಅಂತ ಸುಮ್ಮನಾದೆ."

ವಿದ್ಯುತ್ ಕಚೇರಿಯ ಗುಮಾಸ್ತ ಮಾಲೀಕರ ಒಪ್ಪಿಗೆ ಪತ್ರ ಕೇಳಿದ. ಜೊತೆಗೆ, ಕಂಠೆಪ್ಪ ಅದೇ ಮನೆಯಲ್ಲಿದ್ದಾನೆ ಎನ್ನಲು ಗ್ಯಾಸಿನ ಚೀಟಿ. ಗ್ಯಾಸ್ ಏಜೆನ್ಸಿಯವನು ಕನೆಕ್ಷನ್ ಕೊಡಲು ಅದೇ ಮನೆಯ ಕರೆಂಟ್ ಬಿಲ್ ಕೇಳಿದ.

"ಕಾಸೀಮ, ಇವರು ಅವರ ಕಡೆ ಬೆರಳು ಮಾಡ್ತಾರ, ಅವರು ಇವರ ಕಡೆ."

"ಬೀಗರ ಜಗಳ ಇದ್ದಂಗೈತಿ ಬಿಡೋ ದೋಸ್ತ. ನಡುವ ಡೀಸೆಲ್ ಸುಡೂದು ಮಾತ್ರ ನಂದು."

ಹನ್ನೊಂದೂಕಾಲಿಗೆ ಮಾಲೀಕ ಕಾಯ್ತಾನ್‌ಬಾಬನಿಗೆ ಫೋನ್ ಹಚ್ಚಿದರೆ ಎತ್ತಲಿಲ್ಲ. ಲಂಡನ್ನಿನಲ್ಲಿ ಇನ್ನೂ ಆರು ಹೊಡೆದಿರಲಿಲ್ಲ. ಕಂಠೆಪ್ಪ ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಅಲ್ಲಿ ಬೆಳಗಾಗುವುದನ್ನು ಕಾದ. ಕಾಯ್ತಾನ್‌ಬಾಬ ಒಳ್ಳೆಯ ಮನುಷ್ಯ. ಎದ್ದವನೇ ಪತ್ರ ಬರೆದು ಫೋಟೋ ಕಳಿಸಿದ. ಅದು ಬಂದದ್ದು ಒಂದು ಗಂಟೆಗೆ. ಊಟಕ್ಕೆಂದು ಕೌಂಟರ್ ಮುಚ್ಚಿದ್ದೂ ಒಂದು ಗಂಟೆಗೇ.

ಅಷ್ಟರಲ್ಲಿ ಆಸ್ಪತ್ರೆಯಿಂದ ಸುಂದರವ್ವನ ಫೋನು. ಮಾತಿನ ನಡುವೆ ನಿಂತು ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು.

"ಮನಿ ಹೆಂಗೈತ್ರಿ?"

"ಭಾಳ ಚಲೋ ಐತಿ."

"ಫ್ಯಾನ್ ಐತೇನು?"

"ಐತಿ."

ಸುಳ್ಳೇನಲ್ಲ. ಫ್ಯಾನ್ ಇತ್ತು.

"ನರ್ಸಮ್ಮ ಕೇಳಾಕತ್ತಾರ್ರಿ. ಕರೆಂಟ್ ಇಲ್ಲಂದ್ರ ಕಳಸಂಗಿಲ್ಲ ಅಂತಾರ. ನನಗ ಇಲ್ಲಿ ಸಾಕಾಗೈತಿ. ಬಾಜೂ ಹಾಸಿಗ್ಯಾಗಿನ ಅವ್ವ ನಿನ್ನೆ ತೀರಿ ಹೋದ್ಲು."

ಕಂಠೆಪ್ಪ ಫೋನ್ ಇಟ್ಟು, ನಾಲ್ಕನೇ ಸಲ ಗ್ಯಾಸ್ ಏಜೆನ್ಸಿಗೆ ನಡೆದ.

"ಪರತ್ ಆಯ್ಲೊ?" ಮತ್ತೆ ಬಂದೆಯಾ ಎಂದು ಕೇಳಿದ ಗುಮಾಸ್ತ, ತಲೆ ಎತ್ತದೆ.

"ಬಂದೇನ್ರಿ ಸಾಹೇಬ್ರ. ಹೆಂಡ್ತಿಗೆ ಉಸುರು ಹಿಡಿಯಾಕತ್ತೈತಿ. ಹೊಗಿ ಬ್ಯಾಡ ಅಂದಾರ."

ಅವನು ಅಂದು ಮೊದಲ ಬಾರಿಗೆ ತಲೆ ಎತ್ತಿದ. ಆಧಾರ್ ಕಾರ್ಡ್ ಇಸಿದುಕೊಂಡು ಐದು ಕಿಲೋದ, ಮೇಲೇ ಬರ್ನರ್ ಇರುವ ಪುಟ್ಟ ಸಿಲಿಂಡರ್ ತಂದಿಟ್ಟ. ಅದಕ್ಕೆ ವಿಳಾಸದ ಪುರಾವೆ ಬೇಕಿಲ್ಲವಂತೆ.

ಕಾಸೀಮಸಾಬ ಉರಿದುಬಿದ್ದ. "ಮುಂಜಾನೇನ ಯಾಕ ಹೇಳಲಿಲ್ರಿ?"

"ಮುಂಜಾನೆ ನೀವು ಕನೆಕ್ಷನ್ ಕೇಳಿದಿರಿ. ಸಿಲಿಂಡರ್ ಕೇಳಲಿಲ್ಲ."

ಸಿಲಿಂಡರಿನ ರಸೀದಿಯಲ್ಲಿ ಫ್ಲ್ಯಾಟಿನ ವಿಳಾಸ ಬರೆಸಿದರು. ವಿದ್ಯುತ್ ಕಚೇರಿಯವನು ಅದನ್ನು ಎರಡು ಸಲ ತಿರುಗಿಸಿ ನೋಡಿ, ಒಪ್ಪಿಗೆ ಪತ್ರದ ಜೊತೆ ಪಿನ್ ಹೊಡೆದ. ನಾಲ್ಕೂವರೆಗೆ ಲೈನ್‌ಮನ್ ಬಂದ. ಕಿವಿಗೆ ಓಲೆ ಸಿಕ್ಕಿಸಿದಂತೆ ಎರಡು ಫ್ಯೂಸ್ ಸಿಕ್ಕಿಸಿ ಹೋದ. ಹಿಡಿದದ್ದು ಎರಡು ನಿಮಿಷ.

ಸುಂದರವ್ವ ಒಂದೊಂದು ತಿರುವಿನಲ್ಲೂ ಕುಳಿತು ಮೆಟ್ಟಿಲು ಹತ್ತಿದಳು. ಹೊಸ ಮನೆಯಲ್ಲಿ ಹಾಲು ಉಕ್ಕದೆ ಒಲೆಯ ಮೇಲೆ ಬೇರೇನೂ ಇಡುವಂತಿಲ್ಲ ಎಂದು ಜಯಶ್ರೀ ಪಾತ್ರೆ ಹಿಡಿದು ಬಾಗಿಲಲ್ಲೇ ಕಾದಿದ್ದಳು. ಹಾಲು ಉಕ್ಕಿತು. ಸುಂದರವ್ವ ಬಗ್ಗಿ ನೀಲಿ ಉರಿ ನೋಡಿದಳು.

"ಇದನ್ನ ಊದೂದು ಬ್ಯಾಡೇನ್ರಿ?"

"ಬ್ಯಾಡ."

ಆಸ್ಪತ್ರೆ ಸೇರಿದ ಈ ಹನ್ನೆರಡು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಆಮೇಲೆ ಗೋಡೆಗೊರಗಿ ಕುಳಿತು, ಯಂತ್ರದ ಮಾಸ್ಕನ್ನು ಮೂಗಿಗೆ ಹಿಡಿದುಕೊಂಡಳು.

ಕೆಲಸ ಮುಗಿದ ಕೂಡಲೇ ಫೋಟೋ ತೆಗೆದು ಮಾಲೀಕರಿಗೆ ಕಳಿಸುವುದು ಟೈಲ್ಸಿನವರ ರೂಢಿ. ಕಂಠೆಪ್ಪನ ಕೈ ತಾನಾಗಿ ಫೋನಿಗೆ ಹೋಯಿತು. ಹತ್ತಿದ ದೀಪ, ತಿರುಗುವ ಫ್ಯಾನು, ಒರೆಸಿದ ನೆಲ, ನೀಲಿ ಉರಿ. ನಾಲ್ಕು ಫೋಟೋ ಲಂಡನ್ನಿಗೆ ಹೋದವು.

ಹತ್ತು ನಿಮಿಷಕ್ಕೆ ಕಾಯ್ತಾನ್‌ಬಾಬನೇ ಫೋನ್ ಮಾಡಿದ. ದನಿಯಲ್ಲಿ ಹಬ್ಬದ ಸಡಗರ. ದೇವರು ನಿನಗೆ ಒಳ್ಳೆಯದು ಮಾಡಲಿ ಎಂದು ಮೂರು ಸಲ ಹೇಳಿದ. ಅವನ ತಂಗಿಯ ಕುಟುಂಬ ಊರಿಗೆ ವಾಪಸು ಹೊರಟಿದೆಯಂತೆ. ಕರೆಂಟಿಲ್ಲದ, ಗ್ಯಾಸಿಲ್ಲದ ಮನೆ ತಮಗೆ ಬೇಡ ಎಂದಿದ್ದರಂತೆ. ಈಗ ಕಂಠೆಪ್ಪನ ಫೋಟೋ ನೋಡಿ ಒಪ್ಪಿದ್ದಾರೆ. ಕರಾರಿನಂತೆ ಒಂದು ತಿಂಗಳು ಸಮಯವಿದೆ, ಅವಸರವೇನಿಲ್ಲ, ನಿಧಾನವಾಗಿ ಬೇರೆ ಮನೆ ನೋಡಿಕೋ ಎಂದ.

ಸುಂದರವ್ವ ಮಾಸ್ಕ್ ಸರಿಸಿದಳು. "ಏನಂದ್ರು ಸಾಹೇಬ್ರು?"

"ಕೆಲಸ ಮೆಚ್ಚಿದ್ರು."

"ಮತ್ತ! ಹತ್ತೊಂಬತ್ತು ವರ್ಷ ಮಂದಿ ಮನಿ ಮಾಡಿ ಕೊಟ್ಟ ಕೈ. ನಮ್ಮ ಮನಿ ಮಾಡಾಕ ಒಂದ ದಿನ ಸಾಕಾತು ನೋಡ್ರಿ."

"ಮಾಸ್ಕ್ ಹಾಕ್ಕೋ. ಔಷಧ ಸುಮ್ಮನ ಹಾರಿ ಹೊಂಟೈತಿ" ಎಂದ ಕಂಠೆಪ್ಪ.