ನಿಲ್ಲಿಸುವುದೇ ನೌಕರಿ

ನಮ್ಮ ಮೌಶಿಯಷ್ಟು ನಡೆಯುವ ಕೆಲಸ ನಿಲ್ಲಿಸಿದವರು ಬೀದರ್ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಅದಕ್ಕಾಗಿಯೇ ಆಕೆಗೆ ತಿಂಗಳು ತಿಂಗಳು ಸಂಬಳ ಬರುತ್ತಿತ್ತು, ಬಡ್ತಿ ಸಿಕ್ಕಿತು, ನಿವೃತ್ತಿಯ ದಿನ ಶಾಲು ಹೊದಿಸಿ ಹಣ್ಣಿನ ಬುಟ್ಟಿಯನ್ನೂ ಕೊಟ್ಟರು. ನಂಬುವುದಿಲ್ಲವೇ? ಮೊದಲು ನಾವೂ ನಂಬಿರಲಿಲ್ಲ.

ಮೌಶಿ ಎಂದರೆ ನನ್ನ ತಾಯಿಯ ತಂಗಿ. ಭಾಲ್ಕಿಯಲ್ಲಿ ಡಿಪ್ಲೊಮಾ ಓದಿ, ದೂರದ ಒಂದು ಅಣುವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಉಳಿದವರೆಲ್ಲ ವಿದ್ಯುತ್ ತಯಾರಿಸುತ್ತಿದ್ದರೆ ಮೌಶಿಯ ವಿಭಾಗದ ಕೆಲಸವೇ ಬೇರೆ. ಏನಾದರೂ ಎಡವಟ್ಟಾದರೆ ರಿಯಾಕ್ಟರನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ನಿಲ್ಲಿಸಬೇಕಲ್ಲ, ಆ ವ್ಯವಸ್ಥೆಯನ್ನು ಸದಾ ಸಿದ್ಧವಾಗಿಡುವುದು, ಸಿದ್ಧವಾಗಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಪರೀಕ್ಷಿಸುವುದು.

ಇದನ್ನು ನೆಂಟರಿಗೆ ತಿಳಿಸುವುದು ಹೇಗೆ? ಭಾಲ್ಕಿಯ ಒಂದು ಮದುವೆಯಲ್ಲಿ ಹುಡುಗನ ಕಾಕಾ ಕೇಳಿಯೇಬಿಟ್ಟರು.

"ಬಂದ್ ಮಾಡ್ಲಕ್ ಅಷ್ಟು ಓದಬೇಕೇನ್ರಿ? ನಮ್ಮ ಓಣಿ ಲೈನ್‌ಮನ್ ದಿನಾ ಮಾಡ್ತಾನ."

ಸುತ್ತ ಕುಳಿತವರೆಲ್ಲ ನಕ್ಕರು. ಮೌಶಿ ನಗಲಿಲ್ಲ. ತಾಂಬೂಲಕ್ಕೆ ಕೊಟ್ಟಿದ್ದ ತೆಂಗಿನಕಾಯಿಯನ್ನು ಎತ್ತಿ ಹಿಡಿದಳು.

"ರಿಯಾಕ್ಟರಿನ ಮ್ಯಾಲ ಸರಳು ಹಿಂಗ ಎತ್ತಿ ಹಿಡಿದಿರ್ತಾರ್ರಿ. ಅವು ಒಳಗ ಬಿದ್ರ ಒಳಗಿನ ಬೆಂಕಿ ಆರಿದಂಗ. ಎತ್ತಿ ಹಿಡಿಲಕ್ ಕರೆಂಟ್ ಬೇಕು. ಬೀಳ್ಲಕ್ ಏನೂ ಬ್ಯಾಡ. ಕರೆಂಟ್ ಹೋಯ್ತು ಅಂದ್ರ ತಾವೇ ಬೀಳ್ತಾವ, ಹಿಂಗ."

ಕಾಯಿ ನೇರವಾಗಿ ಕಾಕಾ ಅವರ ಹೆಬ್ಬೆರಳಿನ ಮೇಲೆ ಬಿತ್ತು. ಆಮೇಲೆ ಆ ಮಂಟಪದಲ್ಲಿ ಯಾರೂ ಆಕೆಯ ನೌಕರಿಯ ಬಗ್ಗೆ ಎರಡನೇ ಪ್ರಶ್ನೆ ಕೇಳಲಿಲ್ಲ.

ನಿವೃತ್ತಿಯಾದ ಮೇಲೆ ಗಂಡ ಹೆಂಡತಿ ಬೀದರಿನ ಚಿದ್ರಿಯಲ್ಲಿ, ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಮನೆ ಮಾಡಿದರು. ನೌಕರಿ ಬಿಟ್ಟಿತ್ತು, ಅಭ್ಯಾಸ ಬಿಟ್ಟಿರಲಿಲ್ಲ. ಜ್ವರ ನೋಡಲು ಆ ಮನೆಯಲ್ಲಿ ಮೂರು ಥರ್ಮಾಮೀಟರುಗಳು. ಮೂರು ಯಾಕೆ?

"ಒಂದೇ ಇದ್ರ ಅದು ಸುಳ್ಳು ಹೇಳಬಹುದು. ಎರಡಿದ್ರ ಯಾವುದು ಖರೇ ಅಂತ ತಿಳಿಯಂಗಿಲ್ಲ. ಮೂರಿದ್ರ ಎರಡು ಹೇಳಿದ್ದು ನಡೀತದ. ರಿಯಾಕ್ಟರಿಗೂ ಇದೇ ಕಾನೂನು."

ಒಮ್ಮೆ ಮೌಶಿಯ ಗಂಡ ಗೆಳೆಯರ ಜೊತೆ ಬಿರಿಯಾನಿಗೆ ಹೊರಟು ನಿಂತಿದ್ದರು. ಕಣ್ಣು ಕೆಂಪಗಿದೆ ಎಂದು ಮೌಶಿ ಹಿಡಿದು ಕೂರಿಸಿದಳು. ಎರಡು ಥರ್ಮಾಮೀಟರು ಜ್ವರ ಇದೆ ಎಂದವು, ಒಂದು ಇಲ್ಲ ಎಂದಿತು.

"ನಾ ಮೂರನೇದರ ಕಡೆ ಇದ್ದೀನಿ," ಎಂದರು ಅವರು.

"ನಿಮಗ ಮತ ಇಲ್ಲ," ಎಂದು ಮೌಶಿ ಕಷಾಯದ ಲೋಟ ಮುಂದಿಟ್ಟಳು.

ಇನ್ನು ಮನೆಯ ಮೇನ್ ಸ್ವಿಚ್ಚು. ಅದನ್ನು ಆಗಾಗ, ಯಾರಿಗೂ ಹೇಳದೆ, ಇಳಿಸಿ ನೋಡುತ್ತಿದ್ದಳು. ಹೇಳಿ ಮಾಡಿದರೆ ಅದು ಪರೀಕ್ಷೆಯಲ್ಲವಂತೆ. ಮಹಡಿಯ ಮೇಲೆ ಬಾಡಿಗೆಗಿದ್ದ, ನಾವೆಲ್ಲ ಖಾಲಾ ಎನ್ನುತ್ತಿದ್ದ ಹೆಂಗಸು ಒಂದು ಮಧ್ಯಾಹ್ನ ಧಾರಾವಾಹಿಯಲ್ಲಿ ಮದುವೆ ನೋಡುತ್ತ ಕುಳಿತಿದ್ದಾಗ ಟಿ.ವಿ. ಕಪ್ಪಾಯಿತು. ಮದುವೆಯ ಹೊತ್ತಿಗೇ ಹೋಯಿತಲ್ಲ ಎಂದು ದೂರುತ್ತ ಮೆಟ್ಟಿಲಿಳಿದು ಬಂದರು.

"ಕ್ಯಾ ಬಾಜಿ, ಅಬ್ಬೀಚ್ ನಿಕಾಹ್ ಹೋರಾ ಥಾ."

"ಮೂರು ತಿಂಗಳಿಂದ ನಡೆದದ ಆ ನಿಕಾಹ್. ಇನ್ನೆರಡು ಮಿನಿಟ್ ತಡೀತದ, ಕೂಡ್ರಿ," ಎಂದು ಮೌಶಿ ಚಹಾ ಕೊಟ್ಟಳು.

ಇಷ್ಟರವರೆಗೆ ನಗುವ ಮಾತಾಯಿತು. ಡಾಬಕಾದ ಹೊಲಕ್ಕೆ ಹೋದಾಗ ನಗು ಸ್ವಲ್ಪ ಕಡಿಮೆಯಾಯಿತು.

ಔರಾದ್ ತಾಲ್ಲೂಕಿನ ಡಾಬಕಾದಲ್ಲಿ ನಮ್ಮ ಮಾಮಾನ ಹೊಲವಿದೆ. ಮಾಮಾ ಮೌಶಿಗೆ ಅಣ್ಣ, ಆಕೆಯಷ್ಟೇ ಹಟದವನು. ಆ ವರ್ಷ ಅವನು ಸೋಯಾಬೀನ್ ಒಕ್ಕುವ ದೊಡ್ಡ ರಾಶಿ ಮಷೀನು ಕೊಂಡಿದ್ದ. ಟ್ರ್ಯಾಕ್ಟರಿನಿಂದ ಪಟ್ಟಾ, ಅಂದರೆ ಬೆಲ್ಟು, ಹಾಕಿ ಓಡಿಸುವಂಥದ್ದು. ಮೇಲೆ ಬಾಯಿಯಂತೆ ತೆರೆದ ತಟ್ಟೆ, ಅದಕ್ಕೆ ಗಿಡಗಳನ್ನು ಕೈಯಿಂದ ತುರುಕಬೇಕು, ಒಳಗೆ ಹಲ್ಲುಗಳ ಉರುಳೆ ಗರಗರ ತಿರುಗುತ್ತದೆ. ನೋಡಿ ಬರಲು ನಾನು ಮೌಶಿಯನ್ನು ಕರೆದುಕೊಂಡು ಹೋದೆ. ಎಲ್ಲರೂ ಮಷೀನು ಎಷ್ಟು ಒಕ್ಕುತ್ತದೆ ಎಂದು ಕೇಳಿದ್ದರು. ಮೌಶಿ ಕೇಳಿದ್ದು ಬೇರೆ.

"ಅಣ್ಣ, ಇದನ್ನ ನಿಲ್ಲಿಸೋದು ಹ್ಯಾಂಗ?"

"ಟ್ರ್ಯಾಕ್ಟರ್ ಬಂದ್ ಮಾಡಿದ್ರಾಯ್ತು."

"ಡ್ರೈವರ್ ಎಲ್ಲಿ?"

"ಚಾ ಕುಡೀಲಕ್ ಹೋಗ್ಯಾನ."

ಮೌಶಿ ಓಡದೆ ನಿಂತಿದ್ದ ಮಷೀನಿನ ತಟ್ಟೆಯ ಮೇಲೆ ಹತ್ತಿ ಕುಳಿತಳು. ನಿಲ್ಲಿಸುವ ವ್ಯವಸ್ಥೆ ಆಗುವವರೆಗೆ ಇಳಿಯುವುದಿಲ್ಲವೆಂದಳು. ಉತ್ತರಕ್ಕೆ ಮೋಡ ಕಟ್ಟುತ್ತಿತ್ತು. ಕೊಯ್ದ ಸೋಯಾಬೀನ್ ಬಯಲಲ್ಲಿ ಬಣವೆಯಾಗಿ ಬಿದ್ದಿತ್ತು. ತೊಯ್ದರೆ ಕಾಳು ಕಪ್ಪಾಗಿ ಮೊಳಕೆ ಒಡೆಯುತ್ತದೆ.

"ಮಳಿ ಬರ್ಲತ್ತದ, ಇಳಿ. ಇದು ನಿನ್ನ ರಿಯಾಕ್ಟರ್ ಅಲ್ಲ," ಎಂದ ಮಾಮಾ.

"ರಿಯಾಕ್ಟರಿನಾಗ ಯಾರೂ ಕೈ ಹಾಕಂಗಿಲ್ಲ ಅಣ್ಣ. ಇದರಾಗ ದಿನಾ ಹಾಕ್ತೀರಿ."

ಮಾಮಾ ಮೋಡ ನೋಡಿದ, ತಂಗಿಯನ್ನು ನೋಡಿದ. ಮೋಡದ ಜೊತೆ ಮಾತಾಡುವುದೇ ಸುಲಭ ಎನಿಸಿರಬೇಕು, ಬಣವೆಗೆ ತಾಡಪತ್ರಿ ಹೊದಿಸಲು ಹೋದ.

ಮರುದಿನ ಔರಾದಿನ ವೆಲ್ಡಿಂಗ್ ಅಂಗಡಿಯಿಂದ ಸಾಮಾನು ಬಂತು. ಮೌಶಿ ನಿಂತು ಎರಡು ವ್ಯವಸ್ಥೆ ಮಾಡಿಸಿದಳು. ಮೊದಲನೆಯದು ತಟ್ಟೆಯ ಅಂಚಿಗೆ ಬಿಗಿದ ಹಗ್ಗ. ಅದು ಬಿಗಿಯಾಗಿರುವ ತನಕ ಟ್ರ್ಯಾಕ್ಟರ್ ಓಡುತ್ತದೆ. ಯಾರಾದರೂ ಎಳೆದು ಅದರ ಕೊಂಡಿ ಕಳಚಿದರೂ ಸರಿ, ಹಗ್ಗವೇ ಹರಿದರೂ ಸರಿ, ಒಂದು ಸ್ಪ್ರಿಂಗು ಎಳೆದುಕೊಂಡು ಎಂಜಿನ್ ಬಂದ್. ಎರಡನೆಯದು ತಟ್ಟೆಯ ಮುಂದೆ ಹೊಟ್ಟೆಯ ಎತ್ತರಕ್ಕೊಂದು ಹಲಗೆ. ಅದರ ಮೇಲೆ ಮೈಭಾರ ಬಿದ್ದರೆ ಗೂಟ ಕಳಚಿ ತೂಗುಹಾಕಿದ ಕಲ್ಲು ಬೀಳುತ್ತದೆ, ಪಟ್ಟಾ ಸಡಿಲಾಗಿ ಒಂದು ಮರದ ತುಂಡು ಉರುಳೆಯ ಗಾಲಿಯನ್ನು ಒತ್ತಿ ಹಿಡಿಯುತ್ತದೆ.

"ಎರಡಕ್ಕೂ ಒಂದೇ ಹಗ್ಗ ಹಾಕಿದ್ರ ಸಸ್ತಾ ಆಗ್ತಿತ್ತು," ಎಂದ ಮಾಮಾ.

"ಬ್ಯಾಡ. ಒಂದು ಕೆಟ್ಟದ್ದು ಇನ್ನೊಂದಕ್ಕ ಗೊತ್ತೇ ಆಗಬಾರದು."

ರಾಶಿ ಶುರುವಾಯಿತು. ಸ್ವಲ್ಪ ಹೊತ್ತಿಗೆ ಮಷೀನು ನಿಂತಿತು. ನೋಡಿದರೆ ಮಾಮಾನ ಆಡು ಹಗ್ಗಕ್ಕೆ ಮೈ ಉಜ್ಜುತ್ತಿದೆ. ಮಾಮಾ ಆಡಿಗೂ ಆಡಿನ ವಂಶಕ್ಕೂ ಬೈದ.

"ಬೈಬ್ಯಾಡ," ಎಂದಳು ಮೌಶಿ, "ಅದು ಪರೀಕ್ಷೆ ಮಾಡ್ಯದ. ನಿಂತಿತಲ್ಲ?"

ಮತ್ತೆ ಶುರು, ಮತ್ತೆ ನಿಂತಿತು. ಈ ಸಲ ಕೂಲಿಗೆ ಬಂದಿದ್ದ ಮುದುಕಿಯೊಬ್ಬಳು ಹಗ್ಗ ಎಳೆದಿದ್ದಳು. ತಂಬಾಕಿನ ಚೀಲ ತಟ್ಟೆಯೊಳಗೆ ಬಿತ್ತೇನೋ ಎಂದು ಗಾಬರಿಯಾಗಿತ್ತಂತೆ. ಚೀಲ ಆಕೆಯ ಸೊಂಟದಲ್ಲೇ ಇತ್ತು. ಮಾಮಾ ಬಾಯಿ ತೆರೆಯುವ ಮೊದಲೇ ಮೌಶಿ ಅಡ್ಡ ಬಂದಳು.

"ನಿಲ್ಲಿಸಿದವರಿಗೆ ಯಾರೂ ಏನೂ ಅನ್ನಬಾರದು. ಇವತ್ತು ಬೈದ್ರ ನಾಳಿ ಖರೇ ಎಳೀಬೇಕಾದಾಗ ಆಕಿ ಕೈ ಹಿಂದಕ್ಕ ಹೋಗ್ತದ."

ಮುದುಕಿಗೆ ಚಹಾ ಸಿಕ್ಕಿತು. ಮಾಮಾನಿಗೆ ಸಿಟ್ಟು ಹಾಗೆಯೇ ಉಳಿಯಿತು.

ಮರುದಿನ ಮೋಡ ಇನ್ನೂ ದಟ್ಟವಾಗಿತ್ತು. ಎಲ್ಲರೂ ಅವಸರದಲ್ಲಿದ್ದೆವು. ಮಾಮಾ ತಾನೇ ತಟ್ಟೆಯ ಮುಂದೆ ನಿಂತು ಕಟ್ಟುಗಳನ್ನು ತುರುಕುತ್ತಿದ್ದ. ಹೆಗಲ ಮೇಲಿನ ಟವೆಲಿನ ತುದಿ ಗಿಡಗಳ ಜೊತೆ ಒಳಗೆ ಹೋದದ್ದು ಯಾರಿಗೂ ಕಾಣಲಿಲ್ಲ. ಬಿಡಿಸಿಕೊಳ್ಳಲು ಕೈ ಹಾಕಿದ. ಟವೆಲು ಮಣಿಕಟ್ಟಿಗೆ ಸುತ್ತಿಕೊಂಡು ಕೈಯನ್ನೇ ಎಳೆಯಿತು. ಮುದುಕಿ ತಡಮಾಡದೆ ಹಗ್ಗ ಎಳೆದಳು. ಎಂಜಿನ್ ನಿಲ್ಲಲಿಲ್ಲ. ಇನ್ನೊಮ್ಮೆ ಎಳೆದಳು. ಅದು ಓಡುತ್ತಲೇ ಇತ್ತು.

ಅಷ್ಟರಲ್ಲಿ ಮಾಮಾನ ಮೈ ಮುಗ್ಗರಿಸಿ ಹಲಗೆಯ ಮೇಲೆ ಬಿತ್ತು. ಗೂಟ ಕಳಚಿತು, ಕಲ್ಲು ಧೊಪ್ಪೆಂದು ನೆಲಕ್ಕೆ ಬಿತ್ತು. ಉರುಳೆ ಕಿರ್ರೆಂದು ನರಳಿ ನಿಂತಿತು. ಟ್ರ್ಯಾಕ್ಟರ್ ಮಾತ್ರ ಆಚೆ ಡುಗುಡುಗು ಎನ್ನುತ್ತಲೇ ಇತ್ತು. ಡ್ರೈವರ್ ಓಡಿ ಹೋಗಿ ಅದನ್ನು ಆರಿಸಿದ.

ಟವೆಲು ಕೊಯ್ದು ಕೈ ಹೊರತೆಗೆದೆವು. ಮಣಿಕಟ್ಟಿನ ಚರ್ಮ ಸುಲಿದಿತ್ತು, ಅಂಗಿಯ ತೋಳು ಹರಿದಿತ್ತು. ಬೇರೇನೂ ಆಗಿರಲಿಲ್ಲ. ಮೌಶಿ ಆ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಒಂದೊಂದೇ ಬೆರಳನ್ನು ಒತ್ತಿ, ಮಡಿಸಿ, ಬಿಡಿಸಿ ನೋಡಿದಳು.

ಸ್ಪ್ರಿಂಗು ಎಳೆದುಕೊಳ್ಳದ ಹಾಗೆ ಯಾರೋ ತಂತಿ ಸುತ್ತಿ ಬಿಗಿದಿದ್ದರು. ಯಾರೆಂದು ಕೇಳಬೇಕಾಗಲಿಲ್ಲ.

"ಆಡಿನ ಕಾಟಕ್ಕ ನಾನೇ ಕಟ್ಟೀನಿ," ಎಂದ ಮಾಮಾ ತಲೆ ತಗ್ಗಿಸಿ. "ಬೈದು ಬಿಡು."

ಇನ್ನು ಡಾಬಕಾದ ಮಂದಿಯೆಲ್ಲ ಕೇಳುವಂತೆ ಒಂದು ಭಾಷಣ ಖಂಡಿತ ಎಂದುಕೊಂಡೆ. ಮೌಶಿ ಬೈಯಲಿಲ್ಲ. ಒಕ್ಕಿದ ಕಾಳಿನ ರಾಶಿಯ ಮೇಲೆ ಕುಳಿತಲ್ಲೇ ಅಳತೊಡಗಿದಳು. ಆಕೆ ಅತ್ತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಯಾಕ ಅಳ್ತಿ? ಕೈ ಅದ ಅಲ್ಲ," ಎಂದ ಮಾಮಾ.

"ಅಲ್ಲಿ ಎಷ್ಟು ಸಲ ಆ ಸರಳು ಬೀಳಿಸಿ ನೋಡೀನೋ ಅಣ್ಣ. ಎಲ್ಲಾ ಪರೀಕ್ಷೆಗೇ. ನಾ ಇರೋ ತನಕ ಖರೇ ಬೇಕಾಗೋ ಹೊತ್ತು ಬರಲೇ ಇಲ್ಲ. ಬರಬಾರದು ಅಂತಲೇ ಬೇಡ್ಕೋತಿದ್ದೆ. ಆದ್ರ ಬಂದ್ರ ನಿಲ್ತದೋ ಇಲ್ಲೋ ಅಂತ ಒಂದು ಅಂಜಿಕಿ ಒಳಗ ಇದ್ದೇ ಇತ್ತು. ಯಾರ ಮುಂದನೂ ಹೇಳಿಲ್ಲ."

ಮಾಮಾ ನೆಲಕ್ಕೆ ಬಿದ್ದಿದ್ದ ಕಲ್ಲಿನತ್ತ ಕೈ ಮಾಡಿದ.

"ನಿಂತಿತಲ್ಲ," ಎಂದ.

"ನಿಂತಿತು," ಎಂದಳು ಮೌಶಿ.

ಮಾಮಾ ಎದ್ದು ಹೋಗಿ ಆ ತಂತಿ ಬಿಚ್ಚತೊಡಗಿದ. ಬಿಗಿಯಾಗಿ ಸುತ್ತಿದ್ದ, ಬಿಚ್ಚಲು ಬರಲಿಲ್ಲ. ಮೌಶಿ ಸೆರಗಿನಿಂದ ಕಣ್ಣೊರೆಸಿಕೊಂಡು ಅಲ್ಲಿಗೆ ನಡೆದಳು.

"ನೀ ಕೂಡು, ನಾ ಬಿಚ್ತೀನಿ."

"ಕಟ್ಟಿದವ ನಾ. ನಾನೇ ಬಿಚ್ತೀನಿ."

ಮೌಶಿ ಅಣ್ಣನ ಸುಲಿದ ಮಣಿಕಟ್ಟಿಗೆ ತಂತಿಯ ಚೂಪು ತಾಗದ ಹಾಗೆ, ಅದರ ತುದಿಯನ್ನು ತನ್ನ ಅಂಗೈಯಲ್ಲಿ ಮುಚ್ಚಿ ಹಿಡಿದು ನಿಂತಳು.