ಬಲಗಡೆಯ ಅಪ್ಪಣೆ

ಗುರುಬಸವರಾಜ ಎರಡು ಬಸ್ಸು ಬದಲಿಸಿ ಜಗಳೂರಿನ ಕಚೇರಿಗೆ ಬಂದು ಕೂತ. ಪೆನ್‌ಡ್ರೈವ್ ಮಾತ್ರ ಚನ್ನಗಿರಿಯಲ್ಲಿ ನಿನ್ನೆಯ ಅಂಗಿಯ ಜೇಬಿನಲ್ಲೇ ಉಳಿಯಿತು.

ವರ್ಗಾವಣೆ ಅರ್ಜಿಗೆ ಅಂದು ಸಂಜೆ ಐದೇ ಗಡುವು. ನಾಲ್ಕು ವರ್ಷದ ಓಡಾಟ ತಪ್ಪಿ ಊರು ಸೇರಲು ಇನ್ನು ಒಂದೇ ಕಾಗದ ಬೇಕಿತ್ತು: ಚನ್ನಗಿರಿಯಲ್ಲಿ ಟೀಚರಾಗಿರುವ ಹೆಂಡತಿ ಪ್ರಮೀಳಾಳ ಸೇವಾ ಪ್ರಮಾಣಪತ್ರ. ಅದರ ಪ್ರತಿ ಇದ್ದದ್ದು ಆ ಪೆನ್‌ಡ್ರೈವಿನಲ್ಲಿ, ಬಿಟ್ಟರೆ ಮನೆಯ ಕಂಪ್ಯೂಟರಿನಲ್ಲಿ. ಪ್ರಮೀಳಾ ಹೊನ್ನಾಳಿಯ ತರಬೇತಿಯಲ್ಲಿ ಫೋನು ಆರಿಸಿ ಕೂತಿದ್ದಳು. ಮನೆಯಲ್ಲಿದ್ದವಳು ತಾಯಿ ಶಿವಗಂಗಮ್ಮ. ಮಗ ಪರದೆಯ ತುಂಬ ವೀರಭದ್ರಸ್ವಾಮಿಯ ಪಟ ಹಾಕಿಕೊಟ್ಟಂದಿನಿಂದ ಆಕೆಗೆ ಕಂಪ್ಯೂಟರೇ ಗುಡಿ. ಅದು ಹಗಲೆಲ್ಲ ಬೆಳಗುತ್ತಿರಬೇಕು, ಸಂಜೆ ಅದಕ್ಕೂ ಊದುಬತ್ತಿ.

ದೂರದಿಂದಲೇ ಆ ಕಂಪ್ಯೂಟರ್ ತೆರೆಯುವ ಏರ್ಪಾಡೇನೋ ಇತ್ತು. ಆದರೆ ಕಚೇರಿಯ ನೆಟ್ಟಿಗೆ ಫೈರ್‌ವಾಲ್ ಎಂಬ ಕಾವಲುಗೋಡೆ, ಅದು ದಾಟಗೊಡದು. ಫೋನಿಗೆ ಮಾತು ಬಿಟ್ಟು ನೆಟ್ ಸಿಗದ ಮೂಲೆ ಅದು. ಸಂಗತಿ ತಿಳಿದ ಅಟೆಂಡರ್ ಓಬಣ್ಣ ತೋಳೇರಿಸಿಕೊಂಡು ಬಂದ.

"ಗೋಡೆ ಎಲ್ಲೈತೆ ತೋರಿಸ್ರಿ ಸರ್. ಸುಣ್ಣ ಹೊಡೆಸಿದೋನು ನಾನೇ, ಎಲ್ಲಿ ಪೊಳ್ಳು ಅಂತ ಗೊತ್ತೈತೆ."

ಹೆಡ್‌ಕ್ಲಾರ್ಕ್ ಮುರುಗೇಶಪ್ಪನವರು, ಎಲ್ಲಾ ಒಮ್ಮೆ ಆರಿಸಿ ಹಚ್ಚಿದರೆ ಸರಿಹೋಗುತ್ತದೆ ಎಂದು ತಾವೇ ಸ್ವಿಚ್ ಒತ್ತಿಬಿಟ್ಟರು. ಕಚೇರಿಯ ನೆಟ್ಟು ಹೊಟ್ಟೆ ತುಂಬ ಉಂಡವನಂತೆ ಒಂದು ತಾಸು ಏಳಲೇ ಇಲ್ಲ.

ನಾಲ್ಕೂವರೆಗೆ ದಾವಣಗೆರೆಯ ಕಂಪ್ಯೂಟರ್ ರಿಪೇರಿ ಕೊಟ್ರೇಶ್ ಫೋನಿಗೆ ಸಿಕ್ಕ. "ಎಷ್ಟೇ ಬಿಗಿ ಮಾಡಿದ್ರೂ ನಾನೂರ ನಲವತ್ತಮೂರನೇ ಬಾಗಿಲು ಮುಚ್ಚಾಕೆ ಆಗಲ್ಲ ಸರ್. ವೆಬ್‌ಸೈಟೆಲ್ಲ ಓಡಾಡೋದು ಅಲ್ಲೇ. ನಿಮ್ಮನೆ ಕಂಪ್ಯೂಟರ್ ಆ ಬಾಗಿಲಲ್ಲೂ ಕಾಯೋ ಹಂಗೆ ನಾನು ಆಗ್ಲೇ ಮಾಡಿಟ್ಟೀನಿ. ಆ ನಂಬರ್ ಹಾಕ್ರಿ ಸಾಕು."

ಗುರುಬಸವರಾಜ ಹಾಕಿದ. ಪರದೆ ಒಂದು ಗಳಿಗೆ ಕಪ್ಪಾಯಿತು. ಆಮೇಲೆ ಕತ್ತಲ ಗರ್ಭಗುಡಿಯಲ್ಲಿ ಆರತಿ ಎತ್ತಿದಂತೆ ವೀರಭದ್ರಸ್ವಾಮಿ ಮೆಲ್ಲಗೆ ಮೂಡಿ ಬಂದ. ಊದುಬತ್ತಿಯ ಕಂಪೂ ಬಂದಂತಾಯಿತು. ಎದುರಿನ ಫೈಲುಗಳು ಕರಗಿ, ಅವನು ಚನ್ನಗಿರಿಯ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಕೂತಿದ್ದ. ಪ್ರಮೀಳಾ ಕಾಫಿ ತರುತ್ತಿದ್ದಳು. ಬೆಳಗಿನ ಬಸ್ಸು ಅವನನ್ನು ಬಿಟ್ಟು ಹೋಗುತ್ತಿತ್ತು, ಹೋಗಲಿ. ಸ್ವಾಮಿಯ ಕಿರೀಟದ ಮೇಲೆ ಮೌಸಿನ ಬಿಳಿ ಬಾಣ ಮಲ್ಲಿಗೆ ಮೊಗ್ಗಿನಂತೆ ನಿಂತಿತ್ತು. ಕಡತ ಪರದೆಯ ಎಡಗಡೆ, ಕೆಳಗೆ. ಅವನು ಬಾಣವನ್ನು ಮೆಲ್ಲಗೆ ಅತ್ತ ಇಳಿಸಿದ. ಇನ್ನೊಂದು ಒತ್ತು ಸಾಕು.

ಪರದೆ ಆರಿತು. ಫೋನು ಬಡಿದುಕೊಂಡಿತು.

"ಬಸಣ್ಣಾ," ಎಂದಳು ತಾಯಿ. "ನಿನ್ನ ವರ್ಗ ಆಗ್ತೈತೋ ಇಲ್ಲೋ ಅಂತ ಸ್ವಾಮಿನ ಹೂ ಕೇಳ್ತಾ ಕೂತಿದ್ದೆ ಕಣಪ್ಪ. ಯಾರೂ ಮುಟ್ಟಿಲ್ಲ, ತಲೆ ಮ್ಯಾಲಿನ ಬಿಳೀ ಹೂ ತಾನಾಗೇ ಇಳೀತು. ಬಲಕ್ಕೇ ಇಳೀತು."

"ಎಡಕ್ಕಲ್ಲೇನವ್ವಾ?" ಎಂದ ಅವನು ಮರುಳನಂತೆ.

"ನೋಡೋರಿಗೆ ಎಡ ಕಣೋ. ಎದುರಿಗೆ ಕೂತ ಸ್ವಾಮಿಗೆ ಅದು ಬಲ. ಅಪ್ಪಣೆ ಆತು, ಕೈಮುಗಿದು ಸ್ವಿಚ್ ಆರ್ಸಿ ಗುಡಿ ಬಾಗಿಲು ಹಾಕಿಬಿಟ್ಟೆ."

ಗಡಿಯಾರದಲ್ಲಿ ಐದಕ್ಕೆ ನಾಲ್ಕು ನಿಮಿಷವಿತ್ತು. ಒಂದೇ ಒಂದು ಸಲ ಹಚ್ಚವ್ವಾ ಎಂದು ಅವನು ಅಂಗಲಾಚಿದ.

"ಕೊಟ್ಟ ಮೇಲೆ ಮತ್ತೆ ಕೇಳಬಾರದು ಮಗಾ, ಕೊಟ್ಟಿದ್ದನ್ನೂ ವಾಪಸ್ ತಗಂತಾನೆ. ಇನ್ನು ನೀನೇನೂ ಮಾಡಬ್ಯಾಡ, ಸುಮ್ನಿರು. ಎಲ್ಲಾ ಅವನೇ ನೋಡ್ಕೋತಾನೆ."

ಐದಾಯಿತು. ಮುರುಗೇಶಪ್ಪನವರು ಛತ್ರಿ ತೆಗೆದುಕೊಳ್ಳುತ್ತ, ಅರ್ಜಿ ಏನಾತಪ್ಪಾ ಎಂದರು.

"ಅಪ್ಪಣೆ ಆತು ಸರ್," ಎಂದು ಗುರುಬಸವರಾಜ ಚೀಲ ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದ.